ನರ್ಸರಿಗೆ 1,640, ಬಾಡಿಗೆಗೆ 1,150. ಒಬ್ಬಳೇ ಹೇಗೆ ತೂಗಿಸಲಿ?

ರೀಡಿಂಗ್ ಅಮ್ಮ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಇಂಗ್ಲೆಂಡಿನ ರೀಡಿಂಗ್ ಊರಿನಲ್ಲಿ ನಾನು ಮತ್ತು ಮಗಳು ಇಬ್ಬರೇ. ಬರುವ ಜನವರಿ 14ಕ್ಕೆ ಅವಳಿಗೆ ಮೂರು ತುಂಬುತ್ತದೆ, ಸಂಕ್ರಾಂತಿ ಮಗು. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ವರ್ಷಕ್ಕೆ 46,000 ಪೌಂಡ್. ಪೆನ್ಷನ್ ಎಲ್ಲ ಕಳೆದು ತಿಂಗಳಿಗೆ ಕೈಗೆ 2,900 ಬರುತ್ತದೆ. ನರ್ಸರಿಗೆ 1,640, ಬಾಡಿಗೆಗೆ 1,150. ಉಳಿದ 110ರಲ್ಲಿ ಕೌನ್ಸಿಲ್ ಟ್ಯಾಕ್ಸ್ (ಮನೆಗೆ ಕಟ್ಟುವ ಸ್ಥಳೀಯ ತೆರಿಗೆ), ಕರೆಂಟು, ರೈಲು, ಅಕ್ಕಿ ಬೇಳೆ. ಬಳೆ ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು, ಅದೂ ಕರಗುತ್ತಿದೆ.

ಹೋದ ಗುರುವಾರ ರೈಲು ದಾರಿಯಲ್ಲೇ ನಿಂತುಬಿಟ್ಟಿತು. ನರ್ಸರಿ ಮುಚ್ಚುವುದು ಆರಕ್ಕೆ. ನಾನು ಓಡಿ ತಲುಪಿದಾಗ 6:11. ಬಾಗಿಲ ಹತ್ತಿರದ ಒಂದು ದೀಪ ಬಿಟ್ಟು ಉಳಿದದ್ದೆಲ್ಲ ಆರಿಸಿದ್ದರು. ಮಗಳು ಟೋಪಿ, ಜಾಕೆಟ್ ಹಾಕಿಕೊಂಡು, ಬೆನ್ನಿಗೆ ಬ್ಯಾಗು ಏರಿಸಿಕೊಂಡು ಪುಟ್ಟ ಕುರ್ಚಿಯಲ್ಲಿ ಕೂತಿದ್ದಳು. ನೋಡಿಕೊಳ್ಳುವ ಹುಡುಗಿಯೂ ಕೋಟು ಹಾಕಿಕೊಂಡೇ ನಿಂತಿದ್ದಳು. ಟೈಮು ಬರೆದು ಹಾಳೆಗೆ ಸಹಿ ಹಾಕಿಸಿಕೊಂಡಳು. ಮೊದಲ ಐದು ನಿಮಿಷ ಮಾಫಿ, ಆಮೇಲೆ ನಿಮಿಷಕ್ಕೊಂದು ಪೌಂಡ್. ಆರು ಪೌಂಡ್ ಹೋಗಲಿ, ಆ ಹಾಳೆಯಲ್ಲಿ ಅದು ನನ್ನ ಮೂರನೇ ಸಹಿ. ಇನ್ನೊಂದಾದರೆ ಮ್ಯಾನೇಜರ್ ಕರೆದು ಮಾತಾಡುತ್ತಾರಂತೆ.

ಕೇಳಬೇಕಾದ್ದು ಇಷ್ಟೇ. ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಸರ್ಕಾರ ಕೊಡುವ ವಾರಕ್ಕೆ 30 ಗಂಟೆ ಉಚಿತ ನರ್ಸರಿಗೆ ಅರ್ಜಿ ಹಾಕಲು ಹೋದರೆ ನಾನು ಅರ್ಹಳಲ್ಲ ಅಂತ ಬಂತು. ಯಾಕಿರಬಹುದು? ಬೇರೆ ದಾರಿ ಏನಾದರೂ ಇದೆಯಾ?

ಸ್ವಿಂಡನ್ ಗೌಡ

ಎಲ್ಲೋ ತಪ್ಪು ತುಂಬಿಸಿರುತ್ತೀರಿ. 2025ರ ಸೆಪ್ಟೆಂಬರ್‌ನಿಂದ ಒಂಬತ್ತು ತಿಂಗಳ ಮಗುವಿಗೂ 30 ಗಂಟೆ ಕೊಡುತ್ತಿದ್ದಾರೆ. ನನ್ನ ಹೆಂಡತಿ ಹತ್ತು ನಿಮಿಷದಲ್ಲಿ ಕೋಡ್ ತಗೊಂಡಳು. ಟ್ಯಾಕ್ಸ್-ಫ್ರೀ ಚೈಲ್ಡ್‌ಕೇರ್ ಕೂಡ ಮಾಡಿಸಿಕೊಳ್ಳಿ. ನರ್ಸರಿ ಖರ್ಚಿಗೆ ಅಂತ ಆ ಖಾತೆಗೆ ನೀವು 8 ಪೌಂಡ್ ಹಾಕಿದರೆ ಸರ್ಕಾರ 2 ಸೇರಿಸುತ್ತದೆ, ವರ್ಷಕ್ಕೆ 2,000ದವರೆಗೆ. ಮತ್ತೊಮ್ಮೆ ಹಾಕಿ, ಸಿಗುತ್ತೆ.

ಸ್ಲೌ ಶ್ರೀಮತಿ

ರೀಡಿಂಗ್ ಬಿಟ್ಟು ಮಾತ್ರ ಹೋಗಬೇಡಿ. ಹೆಣ್ಣು ಮಗು, ಪರೀಕ್ಷೆ ಬರೆದು ಸೇರುವ ಹೆಣ್ಣುಮಕ್ಕಳ ಕೆಂಡ್ರಿಕ್ ಸ್ಕೂಲ್ ಇದೆ. ಬಾಡಿಗೆ ಕಡಿಮೆ ಅಂತ ದೂರ ಹೋಗಿ ಆಮೇಲೆ ಕೈ ಕೈ ಹಿಸುಕಿಕೊಂಡವರನ್ನು ನೋಡಿದ್ದೇನೆ. ನನ್ನ ಮಗಳಿಗೆ ನಾಲ್ಕನೇ ವರ್ಷದಿಂದಲೇ ಇಲೆವೆನ್ ಪ್ಲಸ್ ಪ್ರವೇಶ ಪರೀಕ್ಷೆಗೆ ತಯಾರಿ ಶುರು ಮಾಡಿಸಿದ್ದೆ. ಈಗ ಮೆಡಿಸಿನ್ ಎರಡನೇ ವರ್ಷ.

ರೀಡಿಂಗ್ ಅಮ್ಮ

ಅಕ್ಕಾ, ಅವಳಿನ್ನೂ ಡೈಪರ್‌ನಲ್ಲಿದ್ದಾಳೆ 🙂

ಮಿಲ್ಟನ್ ಕೀನ್ಸ್ ಅಕ್ಕ

ವಾರಕ್ಕೆ ನಾಲ್ಕು ದಿನ ಕೆಲಸ ಮಾಡಿ. ನಾನೂ ಹಾಗೇ ಮಾಡಿದ್ದು. ಸಂಬಳ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ನರ್ಸರಿಯಲ್ಲಿ ಒಂದು ದಿನ ಉಳಿಯುತ್ತೆ, ಮನಸ್ಸಿಗೂ ಆರಾಮ.

ಬರ್ಮಿಂಗ್‌ಹ್ಯಾಮ್ ಡಾಕ್ಟರು

ನೋಡಮ್ಮ, 1998ರಿಂದ ಈ ದೇಶದಲ್ಲಿದ್ದೇನೆ, ನೇರವಾಗಿ ಹೇಳುತ್ತೇನೆ. ನರ್ಸರಿಗೆ 1,640 ಸುರಿಯುವುದು ಹುಚ್ಚು. ಅದು ಊರಲ್ಲಿ ಒಂದು ಲಕ್ಷ ಎಂಬತ್ತು ಸಾವಿರದ ಮೇಲೇ ಆಗುತ್ತದೆ. ತಂದೆ ತಾಯಿಯನ್ನು ಆರಾರು ತಿಂಗಳು ಸರದಿ ಮೇಲೆ ಕರೆಸಿಕೊಳ್ಳಿ. ಅದಾಗದಿದ್ದರೆ ಮಗುವನ್ನು ಅಜ್ಜಿ ಹತ್ತಿರ ಬಿಡಿ. ಅದೂ ಆಗದಿದ್ದರೆ ಗಂಟು ಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ. ಅಲ್ಲಿ ಅಡುಗೆಯವರು, ಕೆಲಸದವರು, ನೆಂಟರು ಎಲ್ಲ ಇರುತ್ತಾರೆ. ಒಂಟಿ ಹೆಣ್ಣುಮಗಳು ಈ ಚಳಿಯಲ್ಲಿ ಯಾವ ಸುಖಕ್ಕೆ ಒದ್ದಾಡಬೇಕು?

ಲೆಕ್ಕದವನು, ಲೀಡ್ಸ್

ಮೇಡಂ, ನಿಮ್ಮದು ಯಾವ ವೀಸಾ? ಇಲ್ಲಿ ಯಾರೂ ಕೇಳಲಿಲ್ಲ, ಆದರೆ ಉತ್ತರ ಇರುವುದೇ ಅದರಲ್ಲಿ.

ರೀಡಿಂಗ್ ಅಮ್ಮ

ಸ್ಕಿಲ್ಡ್ ವರ್ಕರ್ ಅನ್ನುವ ಕೆಲಸದ ವೀಸಾ, ಸರ್. ಹೋದ ಆಗಸ್ಟ್‌ನಲ್ಲಿ ಸಿಕ್ಕಿತು. ಅದಕ್ಕೂ ಮುಂಚೆ ಗಂಡನ ವೀಸಾ ಮೇಲೆ ಡಿಪೆಂಡೆಂಟ್ ಆಗಿದ್ದೆ.

ಲೆಕ್ಕದವನು, ಲೀಡ್ಸ್

ಹಾಗಾದರೆ ನೀವು ತುಂಬಿಸಿದ್ದರಲ್ಲಿ ತಪ್ಪಿಲ್ಲ. ಇ-ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್', ಅಂದರೆ ಸರ್ಕಾರದ ನೆರವು ಪಡೆಯುವ ಹಾಗಿಲ್ಲ ಅಂತ ಬರೆದಿರುತ್ತದೆ, ನೋಡಿ. ಆ ಸಾಲು ಇರುವವರೆಗೆ 30 ಗಂಟೆ ಇಲ್ಲ, ಟ್ಯಾಕ್ಸ್-ಫ್ರೀ ಚೈಲ್ಡ್‌ಕೇರ್ ಇಲ್ಲ, ಕಡಿಮೆ ಆದಾಯದವರಿಗೆ ಕೊಡುವ ಯೂನಿವರ್ಸಲ್ ಕ್ರೆಡಿಟ್ ಇಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಪಿಆರ್ (ಇಲ್ಲೇ ಕಾಯಂ ಇರುವ ಹಕ್ಕು) ಇದ್ದರೂ ಸಾಕಾಗುತ್ತಿತ್ತು. ನೀವು ಒಬ್ಬರೇ ಆದ್ದರಿಂದ ಆ ಬಾಗಿಲೂ ಮುಚ್ಚಿದೆ.

ಆದರೆ ಮೂರು ವರ್ಷದ ಮಕ್ಕಳಿಗೆ ವಾರಕ್ಕೆ ಉಚಿತವಾಗಿ ಕೊಡುವ 15 ಗಂಟೆ ಬೇರೆ. ಇಂಗ್ಲೆಂಡಿನಲ್ಲಿ ಅದನ್ನು ಎಲ್ಲ ಮಕ್ಕಳಿಗೂ ಕೊಡುತ್ತಾರೆ, ಅಪ್ಪ ಅಮ್ಮನ ವೀಸಾ ನೋಡುವುದಿಲ್ಲ, ಕೋಡ್ ಕೂಡ ಬೇಡ. ಮೂರು ತುಂಬಿದ ನಂತರದ ಶಾಲಾ ಟರ್ಮ್‌ನಿಂದ ಶುರು. ಜನವರಿ 14 ಅಂದಿರಲ್ಲ, ಹಾಗಾಗಿ ನಿಮಗೆ ಏಪ್ರಿಲ್. ಡಿಸೆಂಬರ್ 31ಕ್ಕೆ ಹುಟ್ಟಿದ್ದರೆ ಜನವರಿಯಿಂದಲೇ ಸಿಗುತ್ತಿತ್ತು, ಏನು ಮಾಡೋಣ. ಅದು 38 ವಾರದ ಲೆಕ್ಕ, ವರ್ಷಕ್ಕೆ 570 ಗಂಟೆ. ವರ್ಷಪೂರ್ತಿ ಹಂಚಿ ಕೊಡುತ್ತೀರಾ ಅಂತ ನರ್ಸರಿಯಲ್ಲಿ ಕೇಳಿ. ವಾರಕ್ಕೆ ಹನ್ನೊಂದು ಗಂಟೆ, ಅಂದರೆ ಹೆಚ್ಚುಕಡಿಮೆ ಒಂದು ದಿನ. ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ 300 ಪೌಂಡ್ ಆಸುಪಾಸು ಉಳಿಯಬೇಕು. ಊಟದ್ದು ಅಂತ ಸ್ವಲ್ಪ ಹಿಡಿದುಕೊಳ್ಳುತ್ತಾರೆ.

ನಾಲ್ಕು ದಿನದ ಕೆಲಸಕ್ಕೆ ಮಾತ್ರ ದಯವಿಟ್ಟು ಒಪ್ಪಬೇಡಿ. 46,000 ಇರುವುದು 36,800 ಆಗುತ್ತದೆ. 2025ರ ಜುಲೈ 22ರ ನಂತರ ಅರ್ಜಿ ಹಾಕಿದ್ದರೆ ವೀಸಾಕ್ಕೆ ಸಾಮಾನ್ಯವಾಗಿ 41,700 ಬೇಕು. ನರ್ಸರಿ ದುಡ್ಡು ಉಳಿಸಲು ಹೋಗಿ ವೀಸಾನೇ ಹೋದೀತು. ಅದರ ಬದಲು ಐದು ದಿನದ ಗಂಟೆಗಳನ್ನೇ ನಾಲ್ಕು ದಿನದಲ್ಲಿ ಮುಗಿಸುತ್ತೇನೆ ಅಂತ ಕೇಳಿ. ಸಂಬಳ ಅಷ್ಟೇ ಇರುತ್ತದೆ, ನರ್ಸರಿಯಲ್ಲಿ ಒಂದು ದಿನ ಕಡಿಮೆಯಾಗುತ್ತದೆ. 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೀಗೆ ಕೇಳುವ ಹಕ್ಕಿದೆ. ಎರಡು ತಿಂಗಳೊಳಗೆ ಅವರು ಉತ್ತರ ಕೊಡಬೇಕು. ಒಪ್ಪಲೇಬೇಕು ಅಂತೇನಿಲ್ಲ.

ಇನ್ನೊಂದು. ಮನೆಯಲ್ಲಿ ದೊಡ್ಡವರು ನೀವೊಬ್ಬರೇ ಅಲ್ವಾ? ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ನೂರಕ್ಕೆ 25 ಕಡಿತ ಇದೆ. ಅದು ಪಬ್ಲಿಕ್ ಫಂಡ್ ಲೆಕ್ಕಕ್ಕೆ ಬರುವುದಿಲ್ಲ, ಹೆದರದೆ ಕೇಳಿ.

ಸ್ವಿಂಡನ್ ಗೌಡ

ಮಗು ಇಲ್ಲೇ ಹುಟ್ಟಿದ್ದಲ್ವಾ? ಹಾಗಾದರೆ ಬ್ರಿಟಿಷ್ ತಾನೇ?

ಲೆಕ್ಕದವನು, ಲೀಡ್ಸ್

1983ರಿಂದ ಹಾಗಿಲ್ಲ ಗೌಡ್ರೇ. ಹುಟ್ಟಿದಾಗ ಅಪ್ಪ ಅಥವಾ ಅಮ್ಮ ಬ್ರಿಟಿಷರಾಗಿರಬೇಕು ಇಲ್ಲವೇ ಪಿಆರ್ ಇರಬೇಕು.

ಸ್ವಿಂಡನ್ ಗೌಡ

ಓ. ನನ್ನ ಹೆಂಡತಿಗೆ ಇಲ್ಲಿಯ ಪಾಸ್‌ಪೋರ್ಟ್ ಇದೆ. ಅದು ತಲೆಗೇ ಹೋಗಲಿಲ್ಲ, ಸಾರಿ.

ಬರ್ಮಿಂಗ್‌ಹ್ಯಾಮ್ ಡಾಕ್ಟರು

ಇಷ್ಟೆಲ್ಲ ರೂಲ್ಸ್ ಓದುವ ಬದಲು ತಾಯಿಗೆ ಒಂದು ಟಿಕೆಟ್ ಬುಕ್ ಮಾಡಿ. ನಮ್ಮ ಕಾಲದಲ್ಲಿ ಎಲ್ಲರೂ ಹಾಗೇ ಮಾಡಿದ್ದು.

ಹ್ಯಾರೋ ಹುಡುಗ

ಡಾಕ್ಟ್ರೇ, ನಿಮ್ಮ ಕಾಲ ಹೋಯಿತು. ನಮ್ಮಮ್ಮ ಬಂದಾಗ ಏರ್‌ಪೋರ್ಟ್‌ನಲ್ಲಿ ಯಾಕೆ ಬಂದಿರಿ ಅಂತ ಕೇಳಿದರು. ಇವರು "ಮೊಮ್ಮಗನ್ನ ನೋಡಿಕೊಳ್ಳೋಕೆ" ಅಂದರು. "ನೋಡೋಕೆ" ಅಂದಿದ್ದರೆ ಮುಗಿಯುತ್ತಿತ್ತು! ದುಭಾಷಿಯವರು ಹೇಳಿದ್ದನ್ನು ಹೇಳಿದ ಹಾಗೇ ತಲುಪಿಸಿದರು. ವಿಸಿಟರ್ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ ಅಂತ ಎರಡೂವರೆ ಗಂಟೆ ಬೆಂಚಿನ ಮೇಲೆ ಕೂರಿಸಿದರು. ಶುಗರ್ ಇರುವ ಹೆಂಗಸು, ಕೈಯಲ್ಲಿ ಒಂದು ಕೋಡುಬಳೆ ಪ್ಯಾಕೆಟ್. ಕೊನೆಗೆ ಬಿಟ್ಟರು. ಬಂದಾಗ ಮೊಮ್ಮಕ್ಕಳನ್ನು ಎತ್ತಿ ಆಡಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಆರು ತಿಂಗಳು, ಮತ್ತೆ ಆರು ತಿಂಗಳು ಅಂತ ಇಲ್ಲೇ ಇರುವ ಹಾಗೆ ಕಂಡರೆ ಮುಂದಿನ ವೀಸಾಕ್ಕೆ ಕಲ್ಲು ಬೀಳುತ್ತದೆ.

ಬರ್ಮಿಂಗ್‌ಹ್ಯಾಮ್ ಡಾಕ್ಟರು

ಹಾಗಾದರೆ ಬೆಂಗಳೂರೇ ಸರಿ. ನಾನು ಮೊದಲೇ ಹೇಳಿದೆ.

ವೈಟ್‌ಫೀಲ್ಡ್‌ಗೆ ವಾಪಸ್ಸಾದವಳು

ನಾನು ಬೆಂಗಳೂರಿಗೆ ವಾಪಸ್ ಬಂದು ನೋಡಿದ್ದೇನೆ ಸರ್. ಇಲ್ಲೂ ಡೇಕೇರ್ ಏಳಕ್ಕೆ ಮುಚ್ಚುತ್ತದೆ, ನಾನು ಮಾರತ್ತಹಳ್ಳಿ ಸೇತುವೆ ಮೇಲೆ ಕೂತಿರುತ್ತೇನೆ. ಅಪ್ಪ ಎಲ್ಲಿ ಅಂತ ಲಿಫ್ಟ್‌ನಲ್ಲಿ ಸಿಕ್ಕವರೆಲ್ಲ ಮಗುವನ್ನೇ ಕೇಳುತ್ತಾರೆ. ರೀಡಿಂಗ್‌ನಲ್ಲಿ ಅದಾದರೂ ಇಲ್ಲ.

ಬರ್ಮಿಂಗ್‌ಹ್ಯಾಮ್ ಡಾಕ್ಟರು

ಟ್ರಾಫಿಕ್ ಒಂದು ನೆಪ. ನೀವೆಲ್ಲ ಪೌಂಡಿಗೆ ಅಂಟಿಕೊಂಡಿದ್ದೀರಿ, ಅಷ್ಟೇ.

(ಇಲ್ಲಿಂದ ಮುಂದೆ ಬೆಂಗಳೂರು ಸರಿಯೋ ಇಂಗ್ಲೆಂಡ್ ಸರಿಯೋ ಅಂತ 43 ಕಾಮೆಂಟು. ಅದರಲ್ಲಿ ಹನ್ನೊಂದು ಸಿಲ್ಕ್ ಬೋರ್ಡ್ ಬಗ್ಗೆ.)

ಶಿವಮೊಗ್ಗದ ಆಂಟಿ, ಕಾರ್ಡಿಫ್

ಡಾಕ್ಟರು ಅಜ್ಜಿ ಹತ್ತಿರ ಬಿಡಿ ಅಂದರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 2004ರಲ್ಲಿ ನಾನು ಮಗನನ್ನು ಹದಿನಾಲ್ಕು ತಿಂಗಳಿಗೇ ಅಮ್ಮನ ಹತ್ತಿರ ಬಿಟ್ಟು ಬಂದೆ. ನರ್ಸಿಂಗ್ ಕೆಲಸ, ನೈಟ್ ಡ್ಯೂಟಿ, ಬೇರೆ ದಾರಿ ಇರಲಿಲ್ಲ. ಮೂರು ವರ್ಷ ಬಿಟ್ಟು ಕರೆತಂದಾಗ ವಿಮಾನದಲ್ಲಿ ಏರ್‌ಹೋಸ್ಟೆಸ್ ಹತ್ತಿರ ನನ್ನನ್ನು ತೋರಿಸಿ 'ಆಂಟಿ' ಅಂದ. ಇಲ್ಲಿಗೆ ಬಂದ ಮೇಲೂ ಎಷ್ಟೋ ತಿಂಗಳು ನಿದ್ದೆಯಲ್ಲಿ 'ಅಮ್ಮಾ' ಅಂದರೆ ಅದು ನಮ್ಮಮ್ಮ. ಈಗ ಇಪ್ಪತ್ತು ದಾಟಿದ್ದಾನೆ. ಚೆನ್ನಾಗಿಯೇ ಮಾತಾಡುತ್ತಾನೆ, ವಾರಕ್ಕೊಂದು ಫೋನ್ ಮಾಡುತ್ತಾನೆ. ತಂಗಿ, ಸಾಲ ಆದರೂ ಪರವಾಗಿಲ್ಲ.

ಸ್ಲೌ ಶ್ರೀಮತಿ

ಅಯ್ಯೋ, ಕಣ್ಣಲ್ಲಿ ನೀರು ಬಂತು ಅಕ್ಕ.

ರೀಡಿಂಗ್ ಅಮ್ಮ

ಲೀಡ್ಸ್ ಸರ್, ತುಂಬಾ ಥ್ಯಾಂಕ್ಸ್. ನಿಮ್ಮ ಉತ್ತರ ಎಲ್ಲೋ ಕೆಳಗೆ ಹೋಗಿಬಿಟ್ಟಿತ್ತು, ಇವತ್ತು ಹುಡುಕಿ ಓದಿದೆ. ನರ್ಸರಿಯಲ್ಲಿ ಕೇಳಿದೆ, ಏಪ್ರಿಲ್‌ನಿಂದ ವರ್ಷಪೂರ್ತಿ ಹಂಚಿ ಕೊಡುತ್ತಾರಂತೆ. ಆಫೀಸಿಗೆ ಐದು ದಿನದ ಗಂಟೆ ನಾಲ್ಕು ದಿನದಲ್ಲಿ ಮುಗಿಸುವ ಅರ್ಜಿ ಕಳಿಸಿದ್ದೇನೆ, ಬುಧವಾರ ರಜೆ ಕೇಳಿದ್ದೇನೆ. ಕೌನ್ಸಿಲ್ ಟ್ಯಾಕ್ಸ್ ಹದಿನಾಲ್ಕು ತಿಂಗಳಿಂದ ಪೂರ್ತಿ ಕಟ್ಟುತ್ತಿದ್ದೆ!

ಇನ್ನು ಗುರುವಾರದ್ದೇ ಚಿಂತೆ. ಆ ದಿನ ಲಂಡನ್ ಆಫೀಸಿಗೆ ಹೋಗಲೇಬೇಕು. ರೈಲು ತಡವಾದರೆ ಆರಕ್ಕೆ ಮಗಳನ್ನು ಕರೆದುಕೊಂಡು ಅರ್ಧ ಗಂಟೆ ಇಟ್ಟುಕೊಳ್ಳುವವರು ಟೈಲ್‌ಹರ್ಸ್ಟ್ ಕಡೆ ಯಾರಾದರೂ ಇದ್ದೀರಾ?

ಟೈಲ್‌ಹರ್ಸ್ಟ್ ಟೀಚರ್

ನಾನಿದ್ದೇನೆ. ಐದಕ್ಕೆಲ್ಲ ಮನೆಯಲ್ಲಿರುತ್ತೇನೆ. ಇನ್‌ಬಾಕ್ಸ್ ನೋಡಿ. ಮೊದಲು ನನ್ನ ಹೆಸರು, ಫೋಟೋ ನರ್ಸರಿಗೆ ಕೊಡಿ. ಒಂದು ಪಾಸ್‌ವರ್ಡ್ ಕೂಡ ಕೇಳುತ್ತಾರೆ. ಇಂಗ್ಲಿಷ್ ಪದವನ್ನೇ ಇಡಿ. ನನ್ನ ತಂಗಿ 'ಒಬ್ಬಟ್ಟು' ಅಂತ ಇಟ್ಟಿದ್ದಳು, ನಾನು ಬಾಗಿಲಲ್ಲಿ ನಿಂತು ಮೂರು ಸಲ ಸ್ಪೆಲ್ಲಿಂಗ್ ಹೇಳಿದ್ದೆ.

ಬರ್ಮಿಂಗ್‌ಹ್ಯಾಮ್ ಡಾಕ್ಟರು

ಇದನ್ನೇ ನಾನು ಹೇಳಿದ್ದು. ಬೆಂಗಳೂರಿನಲ್ಲಿದ್ದಿದ್ದರೆ ಪಾಸ್‌ವರ್ಡ್ ಬೇಕಿತ್ತಾ?