ಅಂಗಡಿಯನ್ನು ಮಕ್ಕಳ ಕೈಗೆ ಒಪ್ಪಿಸುವ ಬಗೆ: ಮೂವರ ಅನುಭವ

ಕೇಳಿದವರು, ಹಿರಿಯೂರು:
ನಮ್ಮ ತಂದೆಯವರು 41 ವರ್ಷಗಳಿಂದ ಪಾತ್ರೆ ಅಂಗಡಿ ನಡೆಸುತ್ತಿದ್ದಾರೆ. ಅವರಿಗೀಗ ಎಪ್ಪತ್ತು ವರ್ಷ. ನಾನು ಬೆಂಗಳೂರಿನ ಕೆಲಸ ಬಿಟ್ಟು ಅಂಗಡಿಗೆ ಬಂದು ಎರಡು ವರ್ಷವಾಯಿತು. ಆದರೂ ಸರಕು ತರಿಸುವುದರಿಂದ ಹಿಡಿದು ಚೆಕ್ಕಿಗೆ ಸಹಿ ಹಾಕುವವರೆಗೆ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಅಕ್ಕ ಮದುವೆಯಾಗಿ ಶಿವಮೊಗ್ಗದಲ್ಲಿದ್ದಾರೆ. ಅಂಗಡಿಯನ್ನು ನನಗೆ ವಹಿಸಿಕೊಡುವ ಮಾತನ್ನು ಮನೆಯಲ್ಲಿ ಹೇಗೆ ಎತ್ತಬೇಕು, ಮುಂದೆ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ಕೊಬ್ಬರಿ ಮಂಡಿಯವರು, ತಿಪಟೂರು:
ನಾನು 1998ರಲ್ಲಿ ತಂದೆಯವರ ಜೊತೆ ಮಂಡಿಯಲ್ಲಿ ಕುಳಿತೆ; ಮಂಡಿ ಪೂರ್ತಿಯಾಗಿ ನನ್ನ ಕೈಗೆ ಬಂದದ್ದು 2009ರಲ್ಲಿ. ಅದರಲ್ಲಿ ಮೊದಲ ಎಂಟು ವರ್ಷಗಳನ್ನು ಕಳೆದುಕೊಂಡೆನೆಂದೇ ಇಂದು ಅನ್ನಿಸುತ್ತದೆ, ಏಕೆಂದರೆ ಗಲ್ಲಾದ ಬೀಗದ ಕೈ ನನಗೆ ಯಾವಾಗ ಸಿಗುತ್ತದೆಂದು ಕಾಯುತ್ತಿದ್ದೆನೇ ಹೊರತು ಅವರ ತಲೆಯೊಳಗಿದ್ದ ವ್ಯವಹಾರವನ್ನು ಕೇಳಿ ತಿಳಿದುಕೊಂಡಿರಲಿಲ್ಲ.

ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟರೆ ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಸದ್ದಿನಿಂದಲೇ ಒಳಗಿನದು ಬಲಿತಿದೆಯೇ ಎಂದು ಹೇಳುವುದನ್ನು ನಾನು ಬೇಗನೆ ಕಲಿತೆ. ಆದರೆ ಯಾರಿಗೆ ಮಾತಿನ ಮೇಲೆ ಮುಂಗಡ ಕೊಡಬಹುದು, ಯಾರು ಬರಗಾಲದಲ್ಲೂ ಬಾಕಿ ತೀರಿಸಿದವರು ಎಂಬುದು ದಿನದಿನದ ಲೆಕ್ಕ ಬರೆಯುವ ಕಿರ್ದಿಯಲ್ಲೂ ಇರಲಿಲ್ಲ, ಒಬ್ಬೊಬ್ಬರ ಖಾತೆ ಬರೆಯುವ ಖತಾವಣಿಯಲ್ಲೂ ಇರಲಿಲ್ಲ. 2006ರಲ್ಲಿ ತಂದೆಯವರು ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದಾಗ ಹಿರಿಯ ರೈತರೊಬ್ಬರು ಬಂದು ಹಣ ಕೇಳಿದರು. ಬರಹದಲ್ಲಿ ಏನೂ ಇಲ್ಲವೆಂದು ನಾನು ಕೊಡಲಿಲ್ಲ. ಅವರು ಕೇಳಿದ್ದು ಸಾಲವಲ್ಲ, ಮೊಮ್ಮಗಳ ಮದುವೆಗೆಂದು ನಮ್ಮಲ್ಲೇ ಬಿಟ್ಟಿದ್ದ ಅವರದೇ ಹಣ. ತಂದೆಯವರು ಚೇತರಿಸಿಕೊಂಡ ಮೇಲೆ ಅವರ ಮನೆಗೇ ಹೋಗಿ ಕೊಟ್ಟು ಬಂದರು. ಆದರೂ ಅವರ ಕೊಬ್ಬರಿ ಮತ್ತೆ ನಮ್ಮ ಮಂಡಿಗೆ ಬರಲಿಲ್ಲ.

ಆಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಮಂಡಿ ಮುಚ್ಚಿದ ಮೇಲೆ ದಿನಕ್ಕೊಂದು ಖಾತೆ ತೆಗೆದು ಆ ಮನೆತನದ ಕಥೆಯನ್ನು ಅವರು ಹೇಳುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಅದು ಏಳು ತಿಂಗಳು ನಡೆಯಿತು. ಬಳಿಕ ಬಲಿಪಾಡ್ಯಮಿಯಂದು ಹೊಸ ಕಿರ್ದಿ ತೆರೆಯುವಾಗ ಒಂದೊಂದಾಗಿ ಜವಾಬ್ದಾರಿ ಬಿಟ್ಟುಕೊಟ್ಟರು: ಮೊದಲ ವರ್ಷ ಖರೀದಿ, ಎರಡನೆಯ ವರ್ಷ ಬ್ಯಾಂಕು ಮತ್ತು ಚೆಕ್ಕು, ಮೂರನೆಯ ವರ್ಷ ಗಲ್ಲಾ. ಅನಂತರವೂ ಅವರು ಬೆಳಿಗ್ಗೆ ಹತ್ತಕ್ಕೆ ಬರುತ್ತಿದ್ದರು, ಆದರೆ ಗಾದಿಯ ಮೇಲೆ ಕೂರದೆ ರೈತರು ಕೂರುವ ಬೆಂಚಿನ ಮೇಲೆ ಕೂರುತ್ತಿದ್ದರು. ಯಾರಾದರೂ ದರ ಕೇಳಿದರೆ ನನ್ನತ್ತ ಕೈ ತೋರಿಸುತ್ತಿದ್ದರು. ನೀವೂ ಅಧಿಕಾರದ ಮಾತನ್ನು ಮೊದಲು ಎತ್ತಬೇಡಿ. ಅಂಗಡಿಯ ಹಳೆಯ ಗಿರಾಕಿಗಳ ವಿಷಯ ಹೇಳಿಕೊಡಿ ಎಂದು ಕೇಳಿ ನೋಡಿ.

ಲೆಕ್ಕಪರಿಶೋಧಕರು, ದಾವಣಗೆರೆ:
ಕಾಗದಪತ್ರದ ಕುರಿತು ಒಂದೆರಡು ಮಾತು. ಅಂಗಡಿ ತಂದೆಯವರೊಬ್ಬರ ಹೆಸರಿನಲ್ಲಿದ್ದರೆ ಜಿಎಸ್‌ಟಿ ನೋಂದಣಿ ಅವರ ಪ್ಯಾನ್‌ಗೆ ಸೇರಿದ್ದು, ಅದು ಮಕ್ಕಳ ಹೆಸರಿಗೆ ವರ್ಗವಾಗುವುದಿಲ್ಲ. ನೀವು ಹೊಸ ನೋಂದಣಿ ಪಡೆಯಬೇಕು; ಹಳೆಯದನ್ನು ರದ್ದುಪಡಿಸುವ ಮುನ್ನ, ಸರಕು ಕೊಳ್ಳುವಾಗ ಕಟ್ಟಿ, ಬಳಸದೆ ಉಳಿದಿರುವ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು. ಹಳೆಯ ತೆರಿಗೆ ಬಾಕಿಯಿದ್ದರೆ ಅದರ ಹೊಣೆಯೂ ನಿಮಗೆ ಬರುತ್ತದೆ.

ತಂದೆ ಮತ್ತು ನೀವು ಇಬ್ಬರೇ ಪಾಲುದಾರರಾಗುವ ಯೋಚನೆಯಿದ್ದರೆ ಒಂದು ವಿಷಯ ಗಮನಿಸಿ. 1932ರ ಪಾಲುದಾರಿಕೆ ಕಾಯ್ದೆಯಂತೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಪಾಲುದಾರರೊಬ್ಬರು ತೀರಿಕೊಂಡಾಗ ಸಂಸ್ಥೆ ವಿಸರ್ಜನೆಯಾಗುತ್ತದೆ. ಇಬ್ಬರೇ ಇದ್ದಲ್ಲಿ ಆ ಷರತ್ತು ಬರೆದಿದ್ದರೂ ಉಪಯೋಗವಿಲ್ಲ, ಏಕೆಂದರೆ ಒಬ್ಬರಿಂದ ಪಾಲುದಾರಿಕೆಯಾಗದು. ಆದ್ದರಿಂದ ತಾಯಿಯವರನ್ನೋ ಅಕ್ಕನವರನ್ನೋ ಮೂರನೆಯವರಾಗಿ ಸೇರಿಸುವುದು ಒಳಿತು. ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಕುಟುಂಬಗಳಲ್ಲಿ, ತಂದೆಯವರ ಸ್ವಯಾರ್ಜಿತ ಆಸ್ತಿಯಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಾನ ಹಕ್ಕುದಾರರು. ಪಿತ್ರಾರ್ಜಿತವಾಗಿದ್ದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿಬಿಡಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ.

ಒಬ್ಬ ಅಕ್ಕ, ಅರಸೀಕೆರೆ:
ನಿಮ್ಮ ಅಕ್ಕನವರ ಸ್ಥಾನದಲ್ಲಿ ನಾನಿದ್ದೆ. ಅಪ್ಪನ ವೈಕುಂಠ ಸಮಾರಾಧನೆಯ ಮರುದಿನ ನನ್ನ ತಮ್ಮ ಹಕ್ಕು ಬಿಡುಗಡೆ ಪತ್ರ ತಂದು ಮುಂದಿಟ್ಟು, ಇಲ್ಲಿ ಸಹಿ ಹಾಕಕ್ಕ ಎಂದ. ನಾನು ಸಹಿ ಹಾಕಿದೆ. ಮತ್ತೆ ನಾಲ್ಕು ವರ್ಷ ತವರಿನ ಹೊಸ್ತಿಲು ತುಳಿಯಲಾಗಲಿಲ್ಲ. ಆ ದಿನಸಿ ಅಂಗಡಿಯ ತಕ್ಕಡಿಯ ಮುಂದೆ ಕುಳಿತು ನಾನು ಲೆಕ್ಕ ಕಲಿತವಳು, ಪೊಟ್ಟಣ ಕಟ್ಟಿದವಳು. ಅದನ್ನು ಹದಿನೆಂಟು ವರ್ಷ ನಡೆಸಿದವನು ತಮ್ಮನೇ ಎಂಬುದೂ ನನಗೆ ಗೊತ್ತಿತ್ತು. ಅಪ್ಪ ಬದುಕಿದ್ದಾಗ ಕರೆದು, ಅಂಗಡಿ ಅವನಿಗೆ, ನಿನಗೆ ಇದು ಎಂದು ಹೇಳಿದ್ದರೆ ನಾನು ನಗುತ್ತಲೇ ಒಪ್ಪುತ್ತಿದ್ದೆ. ಕರಡು ಪತ್ರ ಸಿದ್ಧವಾಗುವುದಕ್ಕೆ ಮೊದಲೇ ಶಿವಮೊಗ್ಗಕ್ಕೆ ಹೋಗಿ ಬನ್ನಿ, ಸಾಧ್ಯವಾದರೆ ತಂದೆಯವರನ್ನೂ ಕರೆದುಕೊಂಡು ಹೋಗಿ. ಮಾತು ಅವರ ಬಾಯಿಂದಲೇ ಬರಲಿ.