ಟ್ರಸ್ಟ್ ಕಟ್ಟಿಸಿಕೊಡುವ ಮನೆಗೆ ಅರ್ಜಿ: ತಾಯಿಯ ಹೆಸರಿನ ಹಕ್ಕುಪತ್ರ ಸಾಕೇ?

ಹೇಮಾವತಿ_ದಡ (ಸಕಲೇಶಪುರ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ ತೋಟದ ಕೆಲಸದಿಂದ ನಿವೃತ್ತರಾಗಲು ಇನ್ನು ಏಳು ತಿಂಗಳಿದ್ದು, ಆ ಬಳಿಕ ನಾವು ತೋಟದವರು ಕೆಲಸಗಾರರಿಗೆ ಕೊಡುವ ಲೈನ್ ಮನೆಯನ್ನು ಬಿಟ್ಟುಕೊಡಬೇಕಾಗುತ್ತದೆ. ತಾಯಿಯ ಹೆಸರಿನಲ್ಲಿ 20×30 ಅಡಿಯ ನಿವೇಶನವೊಂದಿದೆ; ಹಕ್ಕುಪತ್ರ ಕೈಯಲ್ಲಿದೆಯಾದರೂ ಪಂಚಾಯಿತಿಯ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಇನ್ನೂ ಆಗಿಲ್ಲ. ಬಡ ಕುಟುಂಬಗಳಿಗೆ ಮನೆ ಕಟ್ಟಿಸಿಕೊಡುವ ಸೇವಾ ಟ್ರಸ್ಟೊಂದು ನಮ್ಮ ಕಡೆ ಅರ್ಜಿ ಕರೆದಿದೆ. ವೆಚ್ಚದ ಒಂದು ಭಾಗವನ್ನು ಬಡ್ಡಿಯಿಲ್ಲದ ತಿಂಗಳ ಕಂತುಗಳಲ್ಲಿ ನಾವು ತೀರಿಸಬೇಕು, ಕಟ್ಟುವಾಗ ಮನೆಯವರೂ ದುಡಿಯಬೇಕು ಎಂಬುದು ಅವರ ಷರತ್ತು. ತಾಯಿಗೆ ಮಂಡಿನೋವಿರುವುದರಿಂದ ದುಡಿಮೆಯ ಷರತ್ತೇ ನನಗೆ ಚಿಂತೆಯಾಗಿದೆ. ಪಂಚಾಯಿತಿಯ ವಸತಿ ಯೋಜನೆಗೂ ಅರ್ಜಿ ಕೊಟ್ಟಿದ್ದೇವೆ. ಎರಡೂ ಕಡೆ ಹಾಕಿದರೆ ತಪ್ಪಾಗುತ್ತದೆಯೇ?

ಗಿರಿ_ಚಿಕ್ಕಮಗಳೂರು:

ಇಂಥದ್ದೇ ಒಂದು ಸಂಸ್ಥೆಯ ಪರವಾಗಿ ನಾಲ್ಕು ವರ್ಷ ಅರ್ಜಿದಾರರ ಮನೆಗಳಿಗೆ ಹೋಗಿ ಪರಿಶೀಲನೆ ಮಾಡಿದವನು ನಾನು. ನೀವು ಹೇಳುತ್ತಿರುವ ಕ್ರಮ, 1976ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿ 1983ರಿಂದ ಭಾರತದಲ್ಲಿಯೂ ಕೆಲಸ ಮಾಡುತ್ತಿರುವ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿಯಂಥ ಸಂಸ್ಥೆಗಳಿಂದ ಬಳಕೆಗೆ ಬಂದದ್ದು. ಮನೆಯ ಅಗತ್ಯವೆಷ್ಟಿದೆ, ಕಂತು ಕಟ್ಟುವ ಶಕ್ತಿಯಿದೆಯೇ, ಕೆಲಸಕ್ಕೆ ಕೈಜೋಡಿಸುವ ಮನಸ್ಸಿದೆಯೇ ಎಂಬುದನ್ನು ಮುಖ್ಯವಾಗಿ ನೋಡುತ್ತಾರೆ. ದುಡಿಮೆಯೆಂದರೆ ಕಲ್ಲು ಹೊರುವುದೊಂದೇ ಆಗಬೇಕಿಲ್ಲ. ಬಂದ ಸಿಮೆಂಟ್ ಚೀಲಗಳ ಲೆಕ್ಕ ಬರೆಯುವುದು, ಕೆಲಸದವರಿಗೆ ಚಹಾ ಮಾಡಿಕೊಡುವುದು ಇವನ್ನೂ ನಾವು ಗಂಟೆಗಳಾಗಿ ಬರೆದುಕೊಳ್ಳುತ್ತಿದ್ದೆವು. ಗೋಡೆಗೆ ನೀರು ಹೊಡೆಯುವ ಕೆಲಸವನ್ನು ತಾಯಿಯ ಬದಲು ನೀವು ಮಾಡಬಹುದು. ಮಂಡಿನೋವಿನ ವಿಷಯವನ್ನು ಅರ್ಜಿಯಲ್ಲಿಯೇ ಬರೆಯಿರಿ.

ಸಂಘದ ಸಾಲವನ್ನು ಮಾತ್ರ ಮುಚ್ಚಿಡಬೇಡಿ. ಒಂದು ಮನೆಯಲ್ಲಿ ಸಾಲವೇ ಇಲ್ಲವೆಂದು ಬರೆದುಕೊಟ್ಟಿದ್ದರು. ನಾನು ಕುಳಿತ ಕಡೆಗೆ ಎದುರಾಗಿ, ಕ್ಯಾಲೆಂಡರಿನ ಮೊಳೆಗೇ ಮೂರು ಸಂಘಗಳ ಪಾಸ್‌ಬುಕ್ಕುಗಳು ತೂಗುತ್ತಿದ್ದವು. ಸಾಲವಿದ್ದರೆ ಕಂತನ್ನು ಇಳಿಸಿ ಅವಧಿಯನ್ನು ಹೆಚ್ಚಿಸಲು ಬರುತ್ತಿತ್ತು. ಸುಳ್ಳು ಬರೆದದ್ದರಿಂದ ಆ ಅರ್ಜಿ ಬಿದ್ದುಹೋಯಿತು.

ಹಾಸನ_ವಾಸಿ:

ಎರಡೂ ಕಡೆ ಅರ್ಜಿ ಹಾಕುವುದು ತಪ್ಪಲ್ಲ, ಒಬ್ಬರಿಗೆ ತಿಳಿಸದೆ ಇನ್ನೊಬ್ಬರಿಗೆ ಹಾಕುವುದು ತಪ್ಪು. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ ಬಯಲು ಪ್ರದೇಶದ ರಾಜ್ಯಗಳಿಗೆ 1.20 ಲಕ್ಷ ರೂಪಾಯಿ ನೆರವು ನಿಗದಿಯಾಗಿದೆ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಇಂದಿನ ಸಿಮೆಂಟು, ಕಬ್ಬಿಣ, ಮರಳಿನ ದರದಲ್ಲಿ ಅಷ್ಟರಲ್ಲಿ ಮನೆ ಮುಗಿಯದಿರುವುದರಿಂದ, ಕೊರತೆಯ ಭಾಗವನ್ನಷ್ಟೇ ತುಂಬಿಕೊಡುವ ಟ್ರಸ್ಟುಗಳೂ ಇವೆ. ಅದೇ ನಿಮಗೆ ಅನುಕೂಲವೆಂದು ನನ್ನ ಅಭಿಪ್ರಾಯ. ಆದರೆ ಪಕ್ಕಾ ಮನೆ ಇರುವ ಕುಟುಂಬಕ್ಕೆ ಸರ್ಕಾರದ ನೆರವು ಸಿಗುವುದಿಲ್ಲವಾದ್ದರಿಂದ, ಟ್ರಸ್ಟಿನ ಮನೆ ಮೊದಲು ಎದ್ದುನಿಂತರೆ ಪಂಚಾಯಿತಿಯ ಅರ್ಜಿಯನ್ನು ಮರೆತುಬಿಡಬೇಕು. ಹಣವು ತಳಪಾಯ, ಲಿಂಟಲ್, ಛಾವಣಿ ಹೀಗೆ ಹಂತಹಂತದ ಜಿಪಿಎಸ್ ಫೋಟೋ ನೋಡಿ ಬರುತ್ತದೆ; ಆದ್ದರಿಂದ ಕಾರ್ಯಾದೇಶ ಕೈಗೆ ಬರುವ ಮುನ್ನ ಗುದ್ದಲಿ ಹಾಕಬೇಡಿ. ಮನೆ ಕೊಡಿಸುತ್ತೇನೆಂದು ಮಧ್ಯೆ ಬಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮೂಡಿಗೆರೆ_ಮಳೆ:

ನಮ್ಮ ಅರ್ಜಿ ತಿಂಗಳುಗಟ್ಟಲೆ ನಿಂತದ್ದು ಹೆಸರಿನ ವ್ಯತ್ಯಾಸದಿಂದ. ಹಕ್ಕುಪತ್ರದಲ್ಲಿ ತಾಯಿಯ ಹೆಸರಿನ ಮುಂದೆ ‘ಕೋಂ’ (ಇಂಥವರ ಹೆಂಡತಿ) ಎಂದು ತಂದೆಯ ಹೆಸರಿತ್ತು, ಆಧಾರ್‌ನಲ್ಲಿ ತವರಿನ ಇನಿಷಿಯಲ್ ಇತ್ತು. ಇಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿದ ಮೇಲಷ್ಟೇ ಕಡತ ಕದಲಿತು. ಹಕ್ಕುಪತ್ರವೊಂದೇ ಸಾಕೆನ್ನುವ ಟ್ರಸ್ಟ್ ಇರಬಹುದು, ಆದರೂ 9 ಮತ್ತು 11 ಮಾಡಿಸಿಕೊಂಡೇ ಮುಂದುವರಿಯಿರಿ. ನಿಮ್ಮದೂ ನಮ್ಮದೂ ಮಲೆನಾಡು. ಮುಂಗಾರಿಗೆ ಮೊದಲು ಛಾವಣಿ ಮುಚ್ಚಬೇಕೆಂದರೆ ದೀಪಾವಳಿ ಕಳೆದೊಡನೆ ತಳಪಾಯ ತೆಗೆಯಬೇಕು, ಆದರೆ ಕಾಫಿ ಕೊಯ್ಲು ಶುರುವಾದರೆ ಕೂಲಿಯಾಳುಗಳು ಸಿಗುವುದಿಲ್ಲ. ಗಾರೆಯವರಿಗೆ ಈಗಲೇ ಹೇಳಿಡಿ.

ಹೇಮಾವತಿ_ದಡ:

ಮೂವರಿಗೂ ಧನ್ಯವಾದಗಳು. ತಾಯಿಯ ಆಧಾರ್ ತೆಗೆದು ನೋಡಿದೆ, ಅದರಲ್ಲಿಯೂ ತವರಿನ ಇನಿಷಿಯಲ್ಲೇ ಇದೆ. ಸೋಮವಾರ ಮೊದಲು ನೋಟರಿಯ ಬಳಿಗೆ, ಅಲ್ಲಿಂದ ಇ-ಸ್ವತ್ತಿನ ಅರ್ಜಿಯೊಂದಿಗೆ ಪಂಚಾಯಿತಿಗೆ ಹೋಗುತ್ತೇನೆ. ಟ್ರಸ್ಟಿನವರಿಗೆ ಪಂಚಾಯಿತಿ ಅರ್ಜಿಯ ಸಂಖ್ಯೆಯನ್ನೂ ಬರೆದು ತಿಳಿಸುತ್ತೇನೆ.