ಪದಚರ್ಚೆ: 'ಸಾವಿನ ಗ್ರಾಹಕ' ಅಂದ್ರೆ ಗಿರಾಕಿ ಅಲ್ವಾ?

ಎಲ್ಲರಿಗೂ ನಮಸ್ಕಾರ. ನಮ್ಮ ಲ್ಯಾಬಿನ ಬೋರ್ಡಿಗೆ 'ಡೆತ್ ರಿಸೆಪ್ಟರ್', 'ಆಂಟಿಬಾಡಿ' ಇವನ್ನು ಕನ್ನಡದಲ್ಲಿ ಏನೆನ್ನಬೇಕು ಎಂದು ನಿನ್ನೆ ಕೇಳಿದ್ದೆ. ಬಂದ ಉತ್ತರಗಳನ್ನೆಲ್ಲ ಓದಿದೆ. ಹಂಪನಕಟ್ಟೆಯ ಪ್ರಿಂಟರಿನವರಿಗೆ ನಾಳೆ ಬೆಳಿಗ್ಗೆ ಹತ್ತರೊಳಗೆ ಬೋರ್ಡಿನ ಫೈಲ್ ಕೊಡಬೇಕು. ಶನಿವಾರ ಶಾಲೆಯ ಮಕ್ಕಳು ನಮ್ಮ ಲ್ಯಾಬ್ ನೋಡಲು ಬರುತ್ತಾರೆ. ಹಾಗಾಗಿ ನೇರವಾಗಿ ಬರೆಯುತ್ತೇನೆ, ಬೇಸರ ಬೇಡ.

ರಿಸೆಪ್ಟರ್ ಅಂದರೆ ಹೊರಗಿನ ಸಂಕೇತವನ್ನು ಹಿಡಿಯುವ ಪ್ರೋಟೀನ್; ಡೆತ್ ರಿಸೆಪ್ಟರ್ ಹಿಡಿಯುವುದು ಜೀವಕೋಶಕ್ಕೆ 'ಸಾಯಿ' ಎನ್ನುವ ಸಂಕೇತ. ರಿಸೆಪ್ಟರ್‌ಗೆ 'ಗ್ರಾಹಕ' ಎಂದು ಮೂವರು ಬರೆದಿದ್ದೀರಿ. ಕರಡನ್ನು ಅಮ್ಮನಿಗೆ ತೋರಿಸಿದೆ. 'ಸಾವಿನ ಗ್ರಾಹಕ' ಓದಿ, "ಯಾವ ಅಂಗಡಿಯ ಗಿರಾಕಿ ಮಾರಾಯ್ತಿ?" ಎಂದು ಕೇಳಿದರು. ಬ್ಯಾಂಕಿನಲ್ಲಿ, ಕರೆಂಟ್ ಬಿಲ್ಲಿನಲ್ಲಿ ಆ ಪದಕ್ಕೆ ಇರುವುದು ಒಂದೇ ಅರ್ಥ. ಬೋರ್ಡಿಗೆ ಅದು ಆಗುವುದಿಲ್ಲ.

'ಗ್ರಾಹಿ' ಇಡೋಣ. ಗುಣಗ್ರಾಹಿ, ಸಾರಗ್ರಾಹಿ ಕೇಳದವರು ಯಾರು? 'ಸಾವುಗ್ರಾಹಿ ಅರಿಸಮಾಸ' ಎಂದು ಮಾಷ್ಟ್ರು ಗದರಿಸಿದರು. ನಾನು ಬರೆದದ್ದು 'ಸಾವಿನ ಗ್ರಾಹಿ', ಮಾಷ್ಟ್ರೇ. ಷಷ್ಠಿ ಇದೆ, ಸಮಾಸವೇ ಇಲ್ಲ. 'ಮರಣಗ್ರಾಹಿ' ಬೇಡ. ಓದುವವರು ಏಳನೇ ಕ್ಲಾಸಿನವರು.

ಇನ್ನು ಪ್ರತಿಕಾಯ, ಅಂದರೆ ಆಂಟಿಬಾಡಿ: ತನ್ನ ಗುರಿಯನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನ್. ಕೊರೊನಾ ಬಂದ ಮೇಲೆ ಈ ಪದ ಎಲ್ಲರ ಬಾಯಲ್ಲೂ ಇದೆ. ಆದರೆ ಜಾಸ್ತಿ ಜನ ಅದನ್ನು ಔಷಧಿ ಅಂದುಕೊಂಡಿದ್ದಾರೆ. ನಮ್ಮ ಫ್ರಿಜ್ಜಿನಲ್ಲಿರುವುದು ಕಿರುಬೆರಳಿಗಿಂತ ಚಿಕ್ಕ ಟ್ಯೂಬ್, ತಳದಲ್ಲಿ ನೀರಿನಂಥ ಎರಡು ಹನಿ. ಫಾಸ್ ಎಂಬ ಪ್ರೋಟೀನ್, ಅಂದರೆ ನಮ್ಮ ಸಾವಿನ ಗ್ರಾಹಿ, ಇದೆಯೋ ಇಲ್ಲವೋ ತೋರಿಸುವುದಷ್ಟೇ ಅದರ ಕೆಲಸ. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಇಳಿಸಿಕೊಂಡ ಹಾಳೆಗೆ ಬ್ಲಾಟ್ ಅನ್ನುತ್ತೇವೆ. ಅದರ ಮೇಲೆ 40ರಿಂದ 50 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ನಡುವೆ ಕಪ್ಪು ಗೆರೆ ಬಿದ್ದರೆ ಫಾಸ್ ಸಿಕ್ಕಿತು. ಯಾರಿಗೂ ಚುಚ್ಚುವ ಮದ್ದಲ್ಲ. ಅದಕ್ಕೇ ಬೋರ್ಡಿನಲ್ಲಿ ಪ್ರತಿಕಾಯದ ಹಿಂದೆ 'ಪತ್ತೆ' ಬೇಕೇ ಬೇಕು.

'ಪತ್ತೆ ಸುಮ್ನೆ ಸೇರಿಸಿದ್ದು, ತೆಗೆಯಿರಿ' ಎಂದವರು ಇದನ್ನು ನೋಡಿ. 1989ರಲ್ಲಿ ಜಪಾನಿನ ಒಂದು ತಂಡಕ್ಕೂ ಜರ್ಮನಿಯ ಒಂದು ತಂಡಕ್ಕೂ ಈ ಗ್ರಾಹಿಯ ಸುಳಿವು ಸಿಕ್ಕಿದ್ದೇ ಪ್ರತಿಕಾಯದಿಂದ. ಅದು ಹೋಗಿ ಅಂಟಿಕೊಂಡ ಜೀವಕೋಶಗಳು ಸತ್ತವು. ಫಾಸ್ ಜೀನ್ ಕೈಗೆ ಸಿಕ್ಕಿದ್ದು ಆಮೇಲೆ, 1991ರಲ್ಲಿ. ಕೊಲ್ಲುವ ಪ್ರತಿಕಾಯವೂ ಇದೆ, ತೋರಿಸುವುದೂ ಇದೆ. ಬೋರ್ಡು ಓದಿದವರಿಗೆ ಯಾವುದು ಅಂತ ಗೊತ್ತಾಗಬೇಡವಾ?

'ಪ್ರತಿಕಾಯ ಸಂಸ್ಕೃತ, ಎದುರೊಡಲು ಅನ್ನಿ' ಎಂದವರಿಗೆ: ಆಗದು. ಕನ್ನಡದ ಮೇಲೆ ನನಗೂ ಅಷ್ಟೇ ಪ್ರೀತಿ ಇದೆ. ಆದರೆ ಆಂಟಿಬಾಡಿ ಕೂಡ ಇಂಗ್ಲಿಷಿನ ಸ್ವಂತದ್ದಲ್ಲ. 1891ರಲ್ಲಿ ಪೌಲ್ ಎರ್ಲಿಖ್ ಜರ್ಮನ್‌ನಲ್ಲಿ ಬಳಸಿದ ಪದದ ಪಡಿಯಚ್ಚು. ನಮ್ಮ ಅಡುಗೆಮನೆಯ ಬಟಾಟೆ, ಬಾಗಿಲಿನ ಚಾವಿ ಪೋರ್ಚುಗೀಸರಿಂದ ಬಂದವು. ಮಂಗಳೂರಿನಲ್ಲಿ ನಿಂತು ಅವನ್ನು ಹೊರಗಿನವು ಅನ್ನಲು ನನಗೆ ಬಾಯಿ ಬರುವುದಿಲ್ಲ. ಪ್ರೋಟೀನ್, ಫಾಸ್ ಹಾಗೇ ಇರುತ್ತವೆ.

ಬೋರ್ಡು ಹೀಗೆ: 'ಫಾಸ್ ಪತ್ತೆ ಪ್ರತಿಕಾಯ. ಕೋಶದ ಮೇಲಿರುವ ಸಾವಿನ ಗ್ರಾಹಿಯನ್ನು ಗುರುತಿಸಲು. ಸಂಶೋಧನೆಗೆ ಮಾತ್ರ, ಚಿಕಿತ್ಸೆಗಲ್ಲ.'

'ಕೋಶ' ಸಾಕಾ, 'ಜೀವಕೋಶ' ಅಂತಲೇ ಬೇಕಾ? ಜಾಗ ಸ್ವಲ್ಪವೇ ಇದೆ. ಅದೊಂದನ್ನು ರಾತ್ರಿಯೊಳಗೆ ಹೇಳಿ.